ಡ್ರೈವರ್ ಹಿಂದಿನ ಮೂರನೇ ಸಾಲು

ಜೂನ್ 4

ಅಣ್ಣಾ,

ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಇಬ್ಬರೂ ಜಗಳಕ್ಕೆ ನಿಲ್ಲುತ್ತೀರಿ, ಏನಿದ್ದರೂ ಕಾಗದ ಬರೆದುಕೊಳ್ಳಿ ಎಂದು ಅತ್ತಿಗೆ ಅಪ್ಪಣೆ ಕೊಡಿಸಿದ್ದಾರಲ್ಲ, ಅದರ ಪ್ರಕಾರ ಬರೆಯುತ್ತಿದ್ದೇನೆ. ನಗಬೇಡ.

ಆಪ್ತಸಮಾಲೋಚನೆಯ ತರಬೇತಿ ಶುರುವಾಗಿ ಎರಡು ವಾರವಾಯಿತು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಗತಿ. ಹದಿನೆಂಟು ಜನ ಇದ್ದೇವೆ. ಮೊದಲ ವಾರವೇ ಎರಡು ಪರೀಕ್ಷೆ ಕೊಟ್ಟರು. ಒಂದು ಸ್ವಭಾವದ್ದು. ಹೊಸದಕ್ಕೆ ಮನಸ್ಸು ತೆರೆದಿದೆಯೇ, ಕೆಲಸದಲ್ಲಿ ಅಚ್ಚುಕಟ್ಟು ಎಷ್ಟು, ನಾಲ್ಕು ಜನರ ನಡುವೆ ಹುರುಪು ಬರುತ್ತದೆಯೇ, ಇನ್ನೊಬ್ಬರೊಡನೆ ಹೊಂದಿಕೊಳ್ಳುತ್ತೀರಾ, ಮನಸ್ಸು ಎಷ್ಟು ಬೇಗ ಕದಡುತ್ತದೆ ಎಂಬ ಐದು ಲೆಕ್ಕ. ಅಚ್ಚುಕಟ್ಟಿನಲ್ಲಿ ನಾನೇ ಮೊದಲು. ಮನಸ್ಸು ಕದಡುವುದರಲ್ಲಿ ನಾನೇ ಕೊನೆ. ಅಲ್ಲಿಗೆ ಸಂತೋಷಪಟ್ಟೆ.

ಎರಡನೆಯದು ಪರಾನುಭೂತಿಯದು. ಎದುರಿಗೆ ಕೂತವರ ಮನಸ್ಸಿನಲ್ಲಿ ನಡೆಯುತ್ತಿರುವುದು ನಮಗೆ ಎಷ್ಟರಮಟ್ಟಿಗೆ ತಟ್ಟುತ್ತದೆ ಎಂದು ನೋಡುವುದು. ನನಗೆ ನೂರಕ್ಕೆ ಮೂವತ್ತೊಂದು ಬಂದಿದೆ. ಎಲ್ಲರಿಗಿಂತ ಕಡಿಮೆ. ನಮ್ಮ ಮೇಡಮ್ ಇದನ್ನು ಫೇಲು ಅನ್ನುವುದಿಲ್ಲ, "ಸೆಪ್ಟೆಂಬರ್‌ವರೆಗೆ ನೋಡೋಣ" ಅನ್ನುತ್ತಾರೆ. ಅಲ್ಲಿಯವರೆಗೆ ನಾವು ನಾವೇ ಒಬ್ಬರಿಗೊಬ್ಬರು ಎದುರು ಕೂತು ಅಭ್ಯಾಸ ಮಾಡಬೇಕು. ಸೆಪ್ಟೆಂಬರಿನಲ್ಲಿ ಮೂರು ಜನರ ಸಮಿತಿ ಕೂರುತ್ತದೆ. ಅವರು ಒಪ್ಪಿದರೆ ನಿಜವಾಗಿ ಕಷ್ಟ ಹೇಳಿಕೊಳ್ಳಲು ಬಂದವರ ಮುಂದೆ ನನ್ನನ್ನು ಕೂರಿಸುತ್ತಾರೆ. ಒಪ್ಪದಿದ್ದರೆ ಕೋರ್ಸು ಅಲ್ಲಿಗೇ ಮುಗಿಯಿತು.

ನನಗೆ ಅರ್ಥವಾಗುತ್ತಿಲ್ಲ. ಆರು ವರ್ಷ ಹಲ್ಲಿನ ಡಾಕ್ಟರ ಪಕ್ಕ ನಿಂತು ಕೆಲಸ ಮಾಡಿದವಳು ನಾನು. ನೋವಾಗುತ್ತಿದೆ ಎಂದು ಬಾಯಿ ತೆರೆದುಕೊಂಡವರು ಹೇಳುವ ಹಾಗಿಲ್ಲ, ಅವರ ಕಾಲ್ಬೆರಳು ನೋಡಬೇಕು. ಬೆರಳು ಮಡಚಿಕೊಂಡ ತಕ್ಷಣ ನಾನು ಡಾಕ್ಟರ ಮೊಣಕೈ ಮುಟ್ಟುತ್ತಿದ್ದೆ, ಅವರು ಯಂತ್ರ ನಿಲ್ಲಿಸುತ್ತಿದ್ದರು. ಅದು ಪರಾನುಭೂತಿ ಅಲ್ಲವಾದರೆ ಏನು? ಇಲ್ಲಿ ಎಲ್ಲರೂ "ಮುಖ ನೋಡಿ" ಅನ್ನುತ್ತಾರೆ. ಮುಖ ನೋಡಿದರೆ ನನಗೆ ಏನೂ ತಿಳಿಯುವುದಿಲ್ಲ, ಗೋಡೆ ಗಡಿಯಾರದ ಕಡೆಗೆ ಕಣ್ಣು ಹೋಗುತ್ತದೆ. ಹಾಗಾಗಿ ಆಗಲೇ "ಗಡಿಯಾರ" ಎಂದು ಹೆಸರಿಟ್ಟಿದ್ದಾರೆ.

ಕ್ಲಿನಿಕ್ಕಿಗೆ ರಜೆ ಹಾಕಿದ್ದೇನೆ, ಅದರ ಚಿಂತೆ ಬೇಡ. ಒಂದೇ ಒಂದು ಪ್ರಶ್ನೆ, ಸತ್ಯ ಹೇಳು. ನಾನು ಕಲ್ಲುಮನಸ್ಸಿನವಳಾ?

ಗುಬ್ಬಿ


ಜೂನ್ 15

ಗುಬ್ಬಿ,

ಪರಾನುಭೂತಿ ಎಂಬ ಪದವನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಪಾಪ, ಎಲ್ಲಿ ನೋವಂತೆ?" ಎಂದು ಕೇಳಿದಳು.

ನೀನು ಕಲ್ಲುಮನಸ್ಸಿನವಳಲ್ಲ. ಚಿಕ್ಕಂದಿನಲ್ಲಿ ಬೆಕ್ಕಿನ ಮರಿ ಚರಂಡಿಗೆ ಬಿದ್ದಾಗ ಎಷ್ಟು ಅತ್ತೆ ಎಂದು ಬರೆಯೋಣ ಎಂದುಕೊಂಡೆ. ಆಮೇಲೆ ನೆನಪಾಯಿತು, ಅತ್ತವನು ನಾನು. ನೀನು ಮೊರ ತಂದು ಎತ್ತಿದೆ. ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೋ ನಿಮ್ಮ ಮೇಡಮ್ ಅವರನ್ನೇ ಕೇಳು.

ಪರೀಕ್ಷೆಗೆ ತಲೆ ಕೆಡಿಸಿಕೊಳ್ಳಬೇಡ. ನಮ್ಮಂಥ ಬಸ್ ಡ್ರೈವರುಗಳಿಗೂ ಎರಡು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇದೆ. ಅರ್ಧ ಡಿಪೋ ಆ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡಿದೆ. ನೀನೂ ಪ್ರಶ್ನೆ ನೆನಪಿಟ್ಟುಕೊಂಡು ಸೆಪ್ಟೆಂಬರಿನಲ್ಲಿ ಅವರಿಗೆ ಬೇಕಾದ ಉತ್ತರ ಬರೆದು ಬಾ.

ಇಲ್ಲಿ ಎಲ್ಲ ಎಂದಿನಂತೆ. ಮೊನ್ನೆ ಕೊನೆಯ ಸ್ಟಾಪಿನಲ್ಲಿ ನನ್ನ ಕಂಡಕ್ಟರಿಗೆ, ಅದೇ ನಾವೆಲ್ಲ ಚಿಲ್ಲರೆ ಎಂದು ಕರೆಯುವವನಿಗೆ, ಒಂದು ಕೊಡೆ, ಒಂದು ಹಲ್ಲಿನ ಸೆಟ್ಟು ಸಿಕ್ಕಿತು. ಹಲ್ಲು ಬಿಟ್ಟು ಇಳಿದುಹೋದವರು ಮನೆಗೆ ಹೋಗಿ ಏನು ಮಾತಾಡಿದರೋ. ನಿನ್ನ ಹಳೇ ಡಾಕ್ಟರನ್ನು ನೆನೆಸಿಕೊಂಡು ನಕ್ಕೆವು.

ನಿನ್ನ ಅಭ್ಯಾಸಕ್ಕೆ ನಾನೇ ಒಂದು ಸರಕು ಕೊಡುತ್ತೇನೆ. ನಮ್ಮ ಡಿಪೋದಲ್ಲಿ ಒಬ್ಬ ಡ್ರೈವರ್ ಇದ್ದಾನೆ. ಬಾಯಿ ಮುಚ್ಚುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಅನ್ನುತ್ತೇವೆ. ಎರಡು ತಿಂಗಳಿಂದ ಬಾಯಿ ಬಿಡುತ್ತಿಲ್ಲ. ಮಧ್ಯಾಹ್ನದ ಪಾಳಿ ಮುಗಿಸಿ ಗಾಡಿ ತಂದು ಶೆಡ್ಡಿನಲ್ಲಿ ನಿಲ್ಲಿಸುತ್ತಾನೆ, ಇಳಿಯುವುದಿಲ್ಲ. ಇಂಜಿನ್ ಆರಿಸಿ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಾನೆ. ತೊಳೆಯುವವರು ಬಂದು ನೀರು ಹೊಡೆದರೂ ಕೂತಿರುತ್ತಾನೆ. ಮನೆಯಲ್ಲಿ ಜಗಳವಿಲ್ಲ, ಕುಡಿತವಿಲ್ಲ. ಇವನಿಗೆ ಏನು ಹೇಳುತ್ತೀಯ? ಬರಿ, ಎಷ್ಟು ಅಂಕ ಎಂದು ನಾನು ಹಾಕುತ್ತೇನೆ.

ಅಣ್ಣ


ಜೂನ್ 23

ಅಣ್ಣಾ,

ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ದಿನದ ಕೆಲಸ ಮುಗಿದ ಮೇಲೂ ಗಾಡಿಯಿಂದ ಇಳಿಯಲಾಗದಷ್ಟು ದಣಿವು ಆಗಿದೆ ಅನ್ನಿಸುತ್ತದೆ. ಮನೆಗೆ ಹೋಗುವ ಮುಂಚೆ ಯಾರಿಗೂ ಉತ್ತರ ಕೊಡಬೇಕಿಲ್ಲದ ಒಂದು ಜಾಗ ಬೇಕು ಅನ್ನಿಸುತ್ತಿರಬಹುದು. ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಯೇ?

ಇದಕ್ಕೆ ಮರುನುಡಿ ಎನ್ನುತ್ತಾರೆ. ಸಲಹೆ ಕೊಡಬಾರದು, ಅವರು ಹೇಳಿದ್ದನ್ನೇ ಕನ್ನಡಿ ಹಿಡಿದಂತೆ ತಿರುಗಿ ಹೇಳಬೇಕು. ನನಗೆ ಇದು ಇನ್ನೂ ಬಾಯಲ್ಲಿ ಕೂತಿಲ್ಲ. ನಿನ್ನೆ ಅಭ್ಯಾಸದಲ್ಲಿ ಒಬ್ಬಾತ "ನಮ್ಮ ತಂದೆ ನನ್ನ ಜೊತೆ ಮಾತು ಬಿಟ್ಟು ಒಂದು ವರ್ಷವಾಯ್ತು" ಅಂದ. ನಾನು "ನಿಮ್ಮ ತಂದೆ ಒಂದು ವರ್ಷದಿಂದ ಮಾತಾಡಿಲ್ಲ ಅನ್ನಿಸುತ್ತದೆ" ಅಂದೆ. "ಅನ್ನಿಸೋದಲ್ಲ ಮೇಡಮ್, ಮಾತಾಡಿಲ್ಲ" ಅಂದ. ಎಲ್ಲರೂ ನಕ್ಕರು.

ನನ್ನ ಜೋಡಿ ಯಾರು ಗೊತ್ತಾ? ಪರಾನುಭೂತಿಯಲ್ಲಿ ಎಂಬತ್ತೆಂಟು ಬಂದವಳು. ಅವಳನ್ನು ಕರವಸ್ತ್ರ ಎಂದು ಕರೆಯುತ್ತಾರೆ. ಎದುರಿನವರು ಮೂರು ಮಾತು ಆಡುವಷ್ಟರಲ್ಲಿ ಅವಳ ಕಣ್ಣು ತುಂಬುತ್ತದೆ. ಹೋದ ವಾರ ಕಷ್ಟ ಹೇಳಿಕೊಳ್ಳಲು ಕೂತವನೇ ಅವಳಿಗೆ ನೀರು ತಂದುಕೊಟ್ಟು ಸಮಾಧಾನ ಮಾಡಿದ. ಮೇಡಮ್ ಅವಳನ್ನು ಬೈಯಲಿಲ್ಲ, ನನ್ನನ್ನೂ ಹೊಗಳಲಿಲ್ಲ. ನಡುವೆ ಎಲ್ಲೋ ನಿಲ್ಲಬೇಕಂತೆ. ಎಲ್ಲಿ ಎಂದು ಹೇಳುತ್ತಿಲ್ಲ.

ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೇಡಮ್ ಹೇಳಿದರು: "ಯಾರಾದರೂ ನಮ್ಮ ಸ್ನೇಹಿತರೊಬ್ಬರಿಗೆ ಹೀಗಾಗಿದೆ ಅಂತ ಶುರು ಮಾಡಿದರೆ, ಆ ಸ್ನೇಹಿತ ಎದುರಿಗೇ ಕೂತಿರಬಹುದು ಅನ್ನೋದು ನೆನಪಿರಲಿ."

ಅಣ್ಣಾ, ರೇಡಿಯೋ ಅಂದರೆ ನೀನೇನಾ?

ಗುಬ್ಬಿ


ಜುಲೈ 6

ಗುಬ್ಬಿ,

ನಾನಲ್ಲ. ರೇಡಿಯೋ ಎಂಬವನು ಇದ್ದಾನೆ, ಅವನಿಗೆ ಮಂಡಿನೋವು ಇದೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಸಂಬಳದ ದಿನ ನನ್ನ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತಾನೆ. ಬೇಕಾದರೆ ಅವನ ಫೋಟೋ ಕಳಿಸುತ್ತೇನೆ. ನನಗೆ ಏನೂ ಆಗಿಲ್ಲ.

ನಿನ್ನ ಮರುನುಡಿಗೆ ನೂರಕ್ಕೆ ಇಪ್ಪತ್ತು. ಓದುವಾಗ ಟೆಲಿಫೋನ್ ಕಚೇರಿಯ ಹುಡುಗಿ ಮಾತಾಡಿದ ಹಾಗಿತ್ತು. ನನ್ನ ತಂಗಿ ಎಲ್ಲಿ ಹೋದಳು ಎಂದು ಹುಡುಕಬೇಕಾಯಿತು.

ಈಗ ಆಟ ಸಾಕು, ನಿಜವಾಗಿ ಕೇಳುತ್ತಿದ್ದೇನೆ. ರೇಡಿಯೋನ ಸ್ಥಿತಿ ಇನ್ನೂ ಕೆಡುತ್ತಿದೆ. ಈಗೀಗ ಮಧ್ಯೆ ಎದ್ದು ಹಿಂದಿನ ಸೀಟಿನವರೆಗೆ ನಡೆದು, ಮತ್ತೆ ಬಂದು ಕೂರುತ್ತಾನೆ. ಮತ್ತೆ ಎದ್ದು ಹೋಗುತ್ತಾನೆ. ಹುಡುಗರು ಆಡಿಕೊಳ್ಳಲು ಶುರು ಮಾಡಿದ್ದಾರೆ. ಮೇಲಿನವರ ಕಿವಿಗೆ ಬಿದ್ದರೆ ಸ್ಟೇರಿಂಗ್ ಕಿತ್ತುಕೊಂಡು ಗೇಟು ಕಾಯಲು ಹಾಕುತ್ತಾರೆ. ನಾನು ಅವನಿಗೆ ಏನು ಹೇಳಲಿ? ಒಂದು ವಾಕ್ಯ ಕೊಡು ಸಾಕು.

ಅಣ್ಣ


ಜುಲೈ 14

ಅಣ್ಣಾ,

"ನಾನಲ್ಲ, ನನಗೆ ಏನೂ ಆಗಿಲ್ಲ" ಎಂದು ನೀನು ಒಂದೇ ಉಸಿರಿನಲ್ಲಿ ಬರೆದಿದ್ದೀಯ. ಅವನಿಗೆ ಎಷ್ಟು ಮಕ್ಕಳು ಎಂದು ನಾನು ಕೇಳಿರಲಿಲ್ಲ. ಕೇಳದೆ ಇದ್ದದ್ದಕ್ಕೆ ಉತ್ತರ ಬಂದರೆ ಗಮನಿಸಿ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ನಿನಗೂ ಇಬ್ಬರು ಹೆಣ್ಣುಮಕ್ಕಳು. ನಿನ್ನ ಮಂಡಿಯೂ ಹೋದ ವರ್ಷ ನೋಯುತ್ತಿತ್ತು.

ನಾನು ತುಂಬ ಯೋಚನೆ ಮಾಡಿದೆ. ಹೇಳಿಕೊಂಡದ್ದನ್ನು ಮೂರನೆಯವರಿಗೆ ದಾಟಿಸಬಾರದು ಎಂಬುದು ನಮ್ಮ ಮೊದಲ ಪಾಠ. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಮಾತ್ರ ದಾಟಿಸಬಹುದು. ಗಂಟೆಗಟ್ಟಲೆ ಒಬ್ಬನೇ ಗಾಡಿಯಲ್ಲಿ ಕೂರುವುದು ಅಪಾಯವೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಸುಮ್ಮನಿದ್ದರೆ, ನನಗೆ ಬಂದ ಮೂವತ್ತೊಂದು ಸರಿಯೇ ಆಗಿಬಿಡುತ್ತದೆ ಅನ್ನಿಸಿತು. ಹಾಗಾಗಿ ನಿನ್ನೆ ಅತ್ತಿಗೆಗೆ ಫೋನು ಮಾಡಿ ಎಲ್ಲ ಹೇಳಿದ್ದೇನೆ. ಅವರು ಗಟ್ಟಿಗರು. ನೀನು ಅವರ ಮುಂದೆ ಮನಸ್ಸು ಬಿಚ್ಚಿ ಮಾತಾಡು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ.

ಅವನು ನಿಜವಾಗಿ ಬೇರೆಯವನೇ ಆಗಿದ್ದರೆ, ನೀನು ಕೇಳಿದ ವಾಕ್ಯ ಇದು: "ತುಂಬ ಭಾರ ಹೊತ್ತುಕೊಂಡಿದ್ದೀರಿ ಅನ್ನಿಸ್ತಿದೆ."

ಗುಬ್ಬಿ


ಆಗಸ್ಟ್ 2

ಗುಬ್ಬಿ,

ನಿನ್ನ ಅತ್ತಿಗೆ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಆಯಿತು. ಏನೂ ಇಲ್ಲ ಎಂದು ಬಂದ ಮೇಲೆ ಅವಳ ಅನುಮಾನ ಇನ್ನೂ ಗಟ್ಟಿಯಾಗಿದೆ. ನಾನು ಮನೆಗೆ ಬಂದ ತಕ್ಷಣ ಬಾಯಿ ಮೂಸಿ ನೋಡುತ್ತಾಳೆ. ಮಕ್ಕಳಿಗೆ "ಅಪ್ಪನ ಹತ್ತಿರ ಮೆತ್ತಗೆ ಮಾತಾಡಿ" ಎಂದು ಹೇಳಿಕೊಟ್ಟಿದ್ದಾಳೆ. ದೊಡ್ಡವಳು ನಿನ್ನೆ ನನ್ನ ತಟ್ಟೆ ತಾನೇ ತೊಳೆದಳು, ನಾನು ಸಾಯುವವನ ಹಾಗೆ.

ನೀನು ಕೊಟ್ಟ ವಾಕ್ಯವನ್ನು ರೇಡಿಯೋಗೆ ಹೇಳಿದೆ. ಬಾಗಿಲ ಹತ್ತಿರ ನಿಂತು, "ತುಂಬ ಭಾರ ಹೊತ್ಕೊಂಡಿದೀಯ ಅನ್ನಿಸ್ತಿದೆ ಕಣೋ" ಎಂದೆ. ಅವನು ನನ್ನ ಮುಖ ನೋಡಿ, "ಯಾರ್ ಹೇಳ್ಕೊಟ್ರು ನಿಂಗೆ?" ಅಂದ. ಕೆಳಗಿಳಿದು ಹೋದ. ಮಾರನೆ ದಿನದಿಂದ ಕೆಲಸಕ್ಕೆ ಬಂದಿಲ್ಲ.

ಅಣ್ಣ


ಆಗಸ್ಟ್ 7

ಅಣ್ಣಾ,

ತಪ್ಪಾಯಿತು. ಅವರು ನಿಜವಾಗಿಯೂ ಇದ್ದಾರೆ ಎಂದು ಈಗ ನಂಬುತ್ತೇನೆ. ಅವರ ಮನೆಗೆ ಹೋಗಿ ನೋಡಿ ಬಂದೆಯಾ? ಹೇಗಿದ್ದಾರೆ? ದಯವಿಟ್ಟು ಎರಡು ಸಾಲು ಬರಿ.

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಕ್ಲಿನಿಕ್ಕಿಗೆ ನಾನು ರಜೆ ಹಾಕಿಲ್ಲ, ಕೆಲಸ ಬಿಟ್ಟೇ ಬಂದಿದ್ದೇನೆ. ನನ್ನ ಜಾಗಕ್ಕೆ ಬೇರೆಯವಳು ಬಂದಾಗಿದೆ. ಸೆಪ್ಟೆಂಬರಿನಲ್ಲಿ ಸಮಿತಿ ಬೇಡ ಅಂದರೆ ನನಗೆ ವಾಪಸ್ಸು ಹೋಗಲು ಜಾಗವಿಲ್ಲ. ನಿನಗೆ ಗೊತ್ತಾದರೆ ಬೈಯುತ್ತೀಯ ಎಂದು ಹೇಳಲಿಲ್ಲ. ಈಗ ಎಲ್ಲ ಒಟ್ಟಿಗೇ ಬೈದುಬಿಡು.

ಗುಬ್ಬಿ


ಆಗಸ್ಟ್ 19

ಅಣ್ಣಾ,

ನಿನ್ನಿಂದ ಕಾಗದವಿಲ್ಲ. ಅತ್ತಿಗೆಗೆ ಫೋನು ಮಾಡಿದರೆ "ನೋಡ್ತಾ ಇದೀನಿ, ನೀನು ಓದ್ಕೋ" ಎಂದು ಇಟ್ಟುಬಿಡುತ್ತಾರೆ. ಏನು ನೋಡುತ್ತಿದ್ದಾರೆ?

ಕರವಸ್ತ್ರ ಕೋರ್ಸು ಬಿಟ್ಟು ಹೋದಳು. ಕೇಳಿದ ಕಷ್ಟವೆಲ್ಲ ಮನೆಗೆ ಬಂದು ಮಂಚದ ಮೇಲೆ ಕೂರುತ್ತದೆ ಎಂದಳು. ಊಟ ಸೇರುತ್ತಿರಲಿಲ್ಲವಂತೆ. ಅವಳ ಕುರ್ಚಿ ಖಾಲಿ ಇದೆ, ನನಗೆ ಜೋಡಿ ಇಲ್ಲ. ಎಂಬತ್ತೆಂಟು ಬಂದವಳು ಹೋದಳು, ಮೂವತ್ತೊಂದು ಬಂದವಳು ಉಳಿದಿದ್ದಾಳೆ. ಇದರಿಂದ ಏನು ತಿಳಿಯಬೇಕು? ಮೇಡಮ್ ಅವರನ್ನು ಕೇಳಿದೆ. "ಅವಳು ನಿನ್ನೆ ಹೋದದ್ದು. ಇವತ್ತೇ ಪಾಠ ಕಲಿಯೋಕೆ ಹೋಗಬೇಡಿ" ಅಂದರು.

ಅವಳು ಹೋಗುವ ದಿನ ನಾನು ಬಸ್ ಸ್ಟಾಪಿನವರೆಗೆ ಹೋಗಿದ್ದೆ. ಮರುನುಡಿ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳ ಚೀಲ ಹಿಡಿದುಕೊಂಡು ನಿಂತಿದ್ದೆ, ಅಷ್ಟೆ. ಬಸ್ಸು ಬಂದಾಗ ಅವಳು "ನೀನು ಇದ್ದಿದ್ದು ಒಳ್ಳೇದಾಯ್ತು" ಅಂದಳು. ನಾನು ಏನು ಮಾಡಿದೆ ಎಂದು ಅವಳನ್ನೇ ಕೇಳಬೇಕಿತ್ತು. ಅಷ್ಟರಲ್ಲಿ ಬಸ್ಸು ಹೊರಟಿತು.

ರೇಡಿಯೋ ಕೆಲಸಕ್ಕೆ ಬಂದರಾ? ಅದೊಂದು ಬರಿ.

ಗುಬ್ಬಿ


ಆಗಸ್ಟ್ 30

ಗುಬ್ಬಿ,

ಬರೆಯದೆ ಇದ್ದದ್ದು ಸಿಟ್ಟಿನಿಂದ. ಆಮೇಲೆ ಸಿಟ್ಟು ಇಳಿಯಿತು, ಆದರೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗಲೂ ಸರಿಯಾಗಿ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅರ್ಥ ನೀನು ಮಾಡಿಕೋ.

ರೇಡಿಯೋಗೆ ಜ್ವರ ಬಂದಿತ್ತು. ನಿನ್ನ ವಾಕ್ಯದಿಂದ ಅಲ್ಲ. ವಾಕ್ಯದಿಂದ ಜ್ವರ ಬರುವುದಾಗಿದ್ದರೆ ನಿನ್ನ ಅತ್ತಿಗೆಯ ಮಾತಿಗೆ ನಾನು ಎಂದೋ ಹಾಸಿಗೆ ಹಿಡಿಯಬೇಕಿತ್ತು. ವಾಪಸ್ಸು ಬಂದ. ಮತ್ತೆ ಅದೇ ಕಥೆ, ಗಾಡಿ ನಿಲ್ಲಿಸಿ ಕೂರುವುದು. ಮಾತಾಡಿಸಲು ನನಗೆ ಧೈರ್ಯವಾಗಲಿಲ್ಲ. ಬಿಟ್ಟುಹೋಗಲೂ ಮನಸ್ಸಾಗಲಿಲ್ಲ. ಹಾಗಾಗಿ ನನ್ನ ಪಾಳಿ ಮುಗಿದ ಮೇಲೆ ಹೋಗಿ ಅವನ ಗಾಡಿ ಹತ್ತಿ, ಡ್ರೈವರ್ ಹಿಂದಿನ ಮೂರನೇ ಸಾಲಿನಲ್ಲಿ ಕೂರುತ್ತಿದ್ದೆ. ಅವನು ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದ. ನಾನೂ ಏನೂ ಕೇಳುತ್ತಿರಲಿಲ್ಲ, ಅವನೂ ಇಳಿ ಅನ್ನುತ್ತಿರಲಿಲ್ಲ. ಸುಮಾರು ಹೊತ್ತು ಹಾಗೇ ಇದ್ದು, ಒಬ್ಬರ ಹಿಂದೆ ಒಬ್ಬರು ಇಳಿದು ಮನೆಗೆ ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ ಜೂನ್‌ನಲ್ಲೂ ಒಂದೆರಡು ಸಲ ಕೂತಿದ್ದೆ. ನಿನಗೆ ಬರೆಯಲಿಲ್ಲ, ಬರೆದರೆ ನೀನು ಇನ್ನೇನು ಕಥೆ ಕಟ್ಟುತ್ತೀಯೋ ಎಂದು.

ಹೋದ ಗುರುವಾರ ನಿನ್ನ ಅತ್ತಿಗೆ ಡಿಪೋಗೆ ಬಂದಳು. ಹೇಳದೆ ಕೇಳದೆ. ನೀನು ಹೇಳಿದ್ದು ತಲೆಯಲ್ಲಿತ್ತಲ್ಲ, ಕಣ್ಣಾರೆ ನೋಡಲು ಬಂದಿದ್ದಾಳೆ. ಶೆಡ್ಡಿನಲ್ಲಿ ನಿಂತ ಗಾಡಿಯೊಳಗೆ ಸ್ಟೇರಿಂಗ್ ಮುಂದೆ ಒಬ್ಬ, ಮೂರನೇ ಸಾಲಿನಲ್ಲಿ ಅವಳ ಗಂಡ, ಇಬ್ಬರೂ ಮೂಕರ ಹಾಗೆ ಕೂತಿದ್ದಾರೆ. ಅವಳು ಏನೆಂದುಕೊಂಡಿರಬೇಕು, ನೀನೇ ಹೇಳು. ಎಲ್ಲೋ ಬಾಟಲಿ ಬಚ್ಚಿಟ್ಟಿದ್ದಾರೆ ಎಂದುಕೊಂಡಳು.

ಹತ್ತಿ ಬಂದವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಹಿಂದಕ್ಕೆ ಹೋದಳು. ಕೊನೆಯ ಸೀಟಿನಿಂದ ಶುರು ಮಾಡಿ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿದಳು. ಸಂದಿಗೆ ಕೈ ಹಾಕಿದಳು. ಒಂದು ಮಗುವಿನ ಟೋಪಿ ಸಿಕ್ಕಿತು, ಅದನ್ನು ಕೊಡವಿ ಕೈಯಲ್ಲಿ ಹಿಡಿದುಕೊಂಡಳು. ಹಾಗೇ ನೋಡಿಕೊಂಡು ಮುಂದಿನವರೆಗೂ ಬಂದಳು. ಏನೂ ಸಿಗಲಿಲ್ಲ ಎಂಬ ಸಿಟ್ಟಿಗೆ ಬಾಗಿಲ ಹತ್ತಿರದ ಕಂಬಿಗೆ ಬಳೆ ಕೈಯಿಂದ ಎರಡು ಸಲ ಬಡಿದು, "ಏನೂ ಇಲ್ಲ, ಯಾರೂ ಇಲ್ಲ. ಪೂರ್ತಿ ಖಾಲಿ. ಇನ್ನೇನ್ ಕಾಯ್ತಾ ಕೂತಿದೀರಿ ಇಬ್ರೂ? ಇಳೀರಿ ಮೊದ್ಲು" ಅಂದಳು.

ರೇಡಿಯೋ ಕೀಲಿ ತೆಗೆದ. ಎದ್ದ. ಇಳಿದ. ಅಷ್ಟೇ ಗುಬ್ಬಿ, ಅಷ್ಟೇ ಆದದ್ದು. ಶೆಡ್ಡಿನ ಹೊರಗೆ ಹೋಗಿ ಕಲ್ಲಿನ ಮೇಲೆ ಕೂತು ಒಂದಿಷ್ಟು ಹೊತ್ತು ಅತ್ತ. ನಿನ್ನ ಅತ್ತಿಗೆ ಗಾಬರಿಯಾಗಿ, "ಅಯ್ಯೋ, ನಾನು ಅವರನ್ನಲ್ಲ ಬೈದಿದ್ದು, ನಿಮ್ಮನ್ನ" ಅಂದಳು ನನಗೆ.

ಆಮೇಲೆ ಟೀ ಅಂಗಡಿಯಲ್ಲಿ ಅವನೇ ಬಾಯಿ ಬಿಟ್ಟ. ಏಪ್ರಿಲ್‌ನಲ್ಲಿ ಅವನ ದಾರಿಯ ಗಾಡಿಗಳಿಗೆ ಟಿಕೆಟ್ ಯಂತ್ರ ಹಾಕಿ ಕಂಡಕ್ಟರುಗಳನ್ನು ತೆಗೆದರು. ಹದಿನಾಲ್ಕು ವರ್ಷ ಅವನ ಜೊತೆಗಿದ್ದವನು ಯಾವುದೋ ಗೋದಾಮಿನ ಗೇಟು ಕಾಯಲು ಬೇರೆ ಊರಿಗೆ ಹೋದ. ನಿನಗೆ ಗೊತ್ತಿರಲಿಕ್ಕಿಲ್ಲ, ಪಾಳಿಯ ಕೊನೆಯಲ್ಲಿ ಹಿಂದಿನಿಂದ ಮುಂದಿನವರೆಗೆ ಸೀಟು ನೋಡಿಕೊಂಡು ಬಂದು, ಕಂಬಿಗೆ ಎರಡು ಬಡಿದು "ಖಾಲಿ" ಅನ್ನುವುದು ಕಂಡಕ್ಟರನ ಕೆಲಸ. ಅದನ್ನು ಕೇಳಿದ ಮೇಲೆಯೇ ಡ್ರೈವರ್ ಇಳಿಯುವುದು. ಒಂದು ಸಲ ಹಿಂದಿನ ಸೀಟಿನ ಕೆಳಗೆ ಒಂದು ಪುಟ್ಟ ಹುಡುಗಿ ನಿದ್ದೆ ಹೋಗಿದ್ದಳಂತೆ. ಕಂಡಕ್ಟರ್ ನೋಡಿದ್ದರಿಂದ ಸರಿಹೋಯಿತು, ಇಲ್ಲದಿದ್ದರೆ ಬೀಗ ಹಾಕಿಕೊಂಡು ಹೋಗಿಬಿಡುತ್ತಿದ್ದರು.

"ಈಗ ನಾನೇ ನೋಡ್ಬೇಕು. ನೋಡ್ತೀನಿ. ಬಂದು ಕೂತ್ರೆ, ಸರಿಯಾಗಿ ನೋಡಿದ್ನಾ ಅನ್ಸುತ್ತೆ. ಮತ್ತೆ ಹೋಗ್ತೀನಿ. ಇಳಿಯೋಕಾಗಲ್ಲ. ಇದನ್ನ ಯಾರಿಗೆ ಹೇಳೋದು? ಗಂಡಸಾಗಿ ಬಸ್ಸಿಂದ ಇಳಿಯೋಕೆ ಭಯ ಅಂತ ಹೇಳ್ಲಾ?" ಅಂದ.

ನಾನು ಅಷ್ಟು ದಿನ ಅವನ ಹಿಂದೆ ಕೂತಿದ್ದೆ. ನಾನೂ ಬಸ್ಸಿನವನೇ. ನನಗೆ ಹೊಳೆಯಲಿಲ್ಲ. ಬಾಟಲಿ ಹುಡುಕಲು ಬಂದವಳ ಕೈಯಲ್ಲಿ ಆಯಿತು. ಇದಕ್ಕೆ ನಿಮ್ಮ ಪರೀಕ್ಷೆಯಲ್ಲಿ ಎಷ್ಟು ಕೊಡುತ್ತಾರೆ?

ಕೆಲಸ ಬಿಟ್ಟದ್ದಕ್ಕೆ ಬೈಯುವುದು ಬಾಕಿ ಇದೆ. ಸಮಿತಿ ಮುಗಿಯಲಿ.

ಅಣ್ಣ


ಸೆಪ್ಟೆಂಬರ್ 24

ಅಣ್ಣಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಅತ್ತೆ, ಆಮೇಲೆ ಯಾಕೆ ಅಳುತ್ತಿದ್ದೇನೆ ಎಂದು ತಿಳಿಯದೆ ಮುಖ ತೊಳೆದುಕೊಂಡೆ. ಅತ್ತಿಗೆ ಮಾಡಿದ್ದಕ್ಕೆ ಏನು ಹೆಸರು ಎಂದು ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಅವರಿಗೆ ರೇಡಿಯೋ ಅವರ ಮನಸ್ಸು ಅರ್ಥವಾಗಿರಲಿಲ್ಲ. ಅವರು ಹುಡುಕುತ್ತಿದ್ದದ್ದೇ ಬೇರೆ. ಹಾಗಾದರೆ ಅರ್ಥವಾಗದೆಯೂ ಆಗುತ್ತದೆಯೇ? ಆಗುವುದಾದರೆ ನಾವು ಇಲ್ಲಿ ಕಲಿಯುತ್ತಿರುವುದು ಏನು? ನಾನು ಮಾತು ದಾಟಿಸಿದ್ದು ತಪ್ಪು. ಆ ತಪ್ಪಿನಿಂದಲೇ ಅತ್ತಿಗೆ ಬಂದರು. ಅದು ನನಗೆ ಸಮಾಧಾನ ಕೊಡಬೇಕೋ ಹೆದರಿಕೆ ಹುಟ್ಟಿಸಬೇಕೋ ಗೊತ್ತಾಗುತ್ತಿಲ್ಲ.

ಹದಿನೆಂಟರಂದು ಸಮಿತಿ ಕೂತಿತು. ಹಿಂದಿನ ದಿನ ಅದೇ ಪರೀಕ್ಷೆ ಮತ್ತೆ ಕೊಟ್ಟಿದ್ದರು. ನಿನ್ನ ಮಾತಿನಂತೆ ಪ್ರಶ್ನೆಗಳೆಲ್ಲ ನೆನಪಿದ್ದವು, ಅವರಿಗೆ ಬೇಕಾದ ಉತ್ತರವೂ ಗೊತ್ತಿತ್ತು. "ಇತರರ ನೋವು ನನಗೆ ಬೇಗ ಅರ್ಥವಾಗುತ್ತದೆ" ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ನೀನು ನೆನಪಾದೆ. ಇಪ್ಪತ್ತೆಂಟು ವರ್ಷದಿಂದ ನೋಡಿದ ಅಣ್ಣನನ್ನೇ ತಪ್ಪಾಗಿ ಓದಿದವಳು ನಾನು. "ಅಪರೂಪಕ್ಕೆ" ಎಂದು ಗುರುತು ಹಾಕಿದೆ. ಹಾಗೇ ಹಾಕುತ್ತಾ ಹೋದೆ.

ಇಪ್ಪತ್ತನಾಲ್ಕು ಬಂತು. ಇಳಿದಿದೆ ಅಣ್ಣಾ.

ಸಮಿತಿಯ ಮುಂದೆ ಒಬ್ಬ ಹಿರಿಯರನ್ನು ಕಷ್ಟ ಹೇಳಿಕೊಳ್ಳುವವರಂತೆ ಕೂರಿಸಿದ್ದರು. ಅವರು ಬಾಯಿಯನ್ನೇ ಬಿಡಲಿಲ್ಲ. ಅದು ಪರೀಕ್ಷೆಯ ಭಾಗವೋ, ಅವರಿಗೆ ಹೇಳಬೇಕಾದದ್ದು ಮರೆತುಹೋಗಿತ್ತೋ, ಈಗಲೂ ನನಗೆ ಗೊತ್ತಿಲ್ಲ. ನಾನು ಒಂದು ಸಲ ಗಡಿಯಾರ ನೋಡಿದೆ. ಆಮೇಲೆ ನೋಡಲಿಲ್ಲ, ಅವರ ಕಾಲು ನೋಡುತ್ತಾ ಕೂತೆ. ಚಪ್ಪಲಿಯೊಳಗೆ ಬೆರಳು ಮಡಚಿಕೊಂಡಿದ್ದವು. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಬೆರಳು ಬಿಚ್ಚಿಕೊಂಡವು. ಸಮಿತಿಯ ಒಬ್ಬರು, ನಾನು ತಲೆ ತಗ್ಗಿಸಿ ಕೂತಿದ್ದಕ್ಕೆ ಆಸಕ್ತಿ ಇಲ್ಲ ಎಂದು ಬರೆದುಕೊಂಡರಂತೆ.

ಕೊನೆಗೆ ಮೇಡಮ್ ನನ್ನ ಎರಡು ಉತ್ತರಪತ್ರಿಕೆ ಪಕ್ಕಪಕ್ಕ ಇಟ್ಟುಕೊಂಡು, "ಜೂನ್‌ನಲ್ಲಿ ಅರ್ಥವಾಗುತ್ತೆ ಅಂದಿದ್ರಿ. ಈಗ ಅಪರೂಪಕ್ಕೆ ಅಂತೀರಿ. ಯಾಕೆ?" ಎಂದು ಕೇಳಿದರು.

"ಜೂನ್‌ನಲ್ಲಿ ಯಾರನ್ನೂ ಕೇಳಿರಲಿಲ್ಲ ಮೇಡಮ್" ಅಂದೆ. ಆಮೇಲೆ ನಿನ್ನ ಮತ್ತು ಅತ್ತಿಗೆಯ ವಿಷಯ, ನಾನು ಫೋನು ಮಾಡಿದ್ದು, ಎಲ್ಲ ಹೇಳಿದೆ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಮ್ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಹೊರಗೆ ಕಾಯಿರಿ ಅಂದರು. ಹೊರಗಿನ ಬೆಂಚಿನ ಮೇಲೆ ಕೂತು, ಹಲ್ಲಿನ ಕ್ಲಿನಿಕ್ಕುಗಳು ಈ ಊರಿನಲ್ಲಿ ಎಷ್ಟಿವೆ ಎಂದು ಎಣಿಸುತ್ತಿದ್ದೆ.

ಒಪ್ಪಿದರು. ಇಬ್ಬರು ಹೌದು, ಒಬ್ಬರು ಬೇಡ. ಷರತ್ತು ಇದೆ, ವರ್ಷ ಮುಗಿಯುವವರೆಗೆ ನಾನು ಯಾರ ಎದುರು ಕೂತರೂ ಮೇಡಮ್ ಮೂಲೆಯಲ್ಲಿ ಕೂತಿರುತ್ತಾರೆ. ಅಂಕ ಇಳಿದವಳನ್ನು ಯಾಕೆ ಒಪ್ಪಿದರು ಎಂದು ಕೇಳುವ ಧೈರ್ಯವಾಗಲಿಲ್ಲ.

ನಿನ್ನೆ ಮೊದಲನೆಯವರು ಬಂದಿದ್ದರು. ಅವರ ವಿಷಯ ನಿನಗೆ ಬರೆಯುವುದಿಲ್ಲ. ಅಷ್ಟು ಕಲಿತಿದ್ದೇನೆ. ಹೋಗುವಾಗ ಅವರು ಬಾಗಿಲಲ್ಲಿ ನಿಂತು ಮುಂದಿನ ವಾರ ಯಾವ ಹೊತ್ತಿಗೆ ಬರಬೇಕು ಎಂದು ಕೇಳಿದರು ಎನ್ನುವುದನ್ನು ಮಾತ್ರ ಹೇಳಬಹುದು ಅಂದುಕೊಳ್ಳುತ್ತೇನೆ.

ಇನ್ನು ನನ್ನ ಪ್ರಶ್ನೆ. ಇದು ಮರುನುಡಿ ಅಲ್ಲ, ನಿನ್ನ ತಂಗಿ ಕೇಳುತ್ತಿರುವುದು. ರೇಡಿಯೋ ಯಾಕೆ ಕೂತಿದ್ದರು ಎಂದು ಬರೆದೆ. ನೀನು ಯಾಕೆ ಕೂತಿದ್ದೆ? ಜೂನ್‌ನಲ್ಲೂ ಕೂತಿದ್ದೆ ಎಂದು ಬರೆದಿದ್ದೀಯ. ಬರೆಯಲು ಮನಸ್ಸಿಲ್ಲದಿದ್ದರೆ ಬಿಡು. ಈ ಸಲ ನಾನೇ ಉತ್ತರ ಕಟ್ಟಿಕೊಳ್ಳುವುದಿಲ್ಲ.

ಗುಬ್ಬಿ


ಅಕ್ಟೋಬರ್ 3

ಗುಬ್ಬಿ,

ಇಪ್ಪತ್ತನಾಲ್ಕಕ್ಕೆ ಶಹಭಾಸ್. ಹೀಗೇ ಇಳಿಯುತ್ತಾ ಹೋದರೆ ಸೊನ್ನೆಗೆ ನಿನ್ನನ್ನೇ ಮೇಡಮ್ ಮಾಡುತ್ತಾರೆ. ಕೆಲಸ ಬಿಟ್ಟದ್ದಕ್ಕೆ ಬೈಯುವ ಜವಾಬ್ದಾರಿಯನ್ನು ನಿನ್ನ ಅತ್ತಿಗೆಗೆ ವಹಿಸಿದ್ದೇನೆ. ಅವಳು ಫೋನು ಮಾಡುತ್ತಾಳೆ, ಕಿವಿಯಿಂದ ಸ್ವಲ್ಪ ದೂರ ಹಿಡಿದುಕೋ.

ನೀನು ಜೂನ್‌ನಲ್ಲಿ ಕೇಳಿದ್ದಕ್ಕೆ ನಾನಲ್ಲ ಎಂದು ಬರೆದದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮೇ ತಿಂಗಳಲ್ಲೇ ನನ್ನ ದಾರಿಗೂ ಟಿಕೆಟ್ ಯಂತ್ರ ಬರುತ್ತದೆ ಎಂದು ನೋಟೀಸು ಹಚ್ಚಿದ್ದರು. ನನ್ನ ಕಂಡಕ್ಟರ್ ಚಿಲ್ಲರೆಯನ್ನು ಬಿಡಿಭಾಗಗಳ ಕೋಣೆಯ ಕೆಲಸಕ್ಕೆ ಹಾಕುತ್ತಾರೆ ಎಂದು ಆಗಲೇ ಗೊತ್ತಿತ್ತು. ನಿನ್ನ ಅತ್ತಿಗೆಗೆ ಹೇಳಿರಲಿಲ್ಲ, ಚಿಲ್ಲರೆಯ ಜೊತೆಗೂ ಆ ಮಾತು ಎತ್ತುತ್ತಿರಲಿಲ್ಲ. ರೇಡಿಯೋನ ನೋಡಿ ಪಾಪ ಅನ್ನಿಸಿ ಹೋಗಿ ಕೂತೆನೋ, ನಾಳೆ ನಾನು ಹೇಗಿರುತ್ತೇನೆ ಎಂದು ನೋಡಲು ಕೂತೆನೋ, ನನಗೇ ಗೊತ್ತಿಲ್ಲ. ನಿನಗೆ ಗೊತ್ತಾದರೆ ಬರಿ.

ಮೊನ್ನೆ ಒಂದನೇ ತಾರೀಖಿನಿಂದ ನನ್ನ ಗಾಡಿಯಲ್ಲಿ ನಾನೊಬ್ಬನೇ. ಇಡೀ ದಿನ ತೊಂದರೆಯಾಗಲಿಲ್ಲ. ಪಾಳಿ ಮುಗಿಸಿ ಶೆಡ್ಡಿಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿದೆ. ಕೈ ಸ್ಟೇರಿಂಗ್ ಮೇಲೆಯೇ ಇತ್ತು.

ರೇಡಿಯೋ ಹಿಂದಿನ ಬಾಗಿಲಿನಿಂದ ಹತ್ತಿದ. ನಾನು ಕರೆದಿರಲಿಲ್ಲ. ಮಂಡಿನೋವಿನವನು, ಒಂದೊಂದು ಸೀಟಿಗೂ ಕಂಬಿ ಹಿಡಿದು ಬಗ್ಗಿ ನೋಡುತ್ತಾ ಬಂದ, ತುಂಬ ಹೊತ್ತು ಹಿಡಿಯಿತು. ಮುಂದೆ ಬಂದು ಎರಡು ಸಲ ಬಡಿದು, "ಖಾಲಿ" ಅಂದ.

ನಾನು ತಕ್ಷಣ ಏಳಲಿಲ್ಲ.

ಅವನು ಹೋಗಿ ಮೂರನೇ ಸಾಲಿನಲ್ಲಿ ಕೂತ.

ಅಣ್ಣ